ಎಮ್ಮೆ ಕೊಟ್ಟು ತಂದ ಪಿನ್‌ಬಾಲ್

ಸದಲಗಾದ ಲಗಮಣ್ಣ ಖೋತನಿಗೆ ದಿನಾ ಬೆಳಗಿನ ಚಹಾಕ್ಕಿಂತ ಮೊದಲು ಒಂದು ಸಲ ಸಿಟ್ಟು ಬರಬೇಕು. ಬರದಿದ್ದರೆ ಇವತ್ತು ಮೈಯಲ್ಲಿ ಹುಷಾರಿಲ್ಲವೆಂದು ಮನೆಯವರು ತಿಳಿಯುತ್ತಿದ್ದರು. ಕರೆಂಟು ಹೋದರೆ ಸರಕಾರದ ಮೇಲೆ ಸಿಟ್ಟು. ಬಂದರೆ, ಇಷ್ಟು ಹೊತ್ತು ಎಲ್ಲಿ ಹೋಗಿತ್ತೆಂದು ಕರೆಂಟಿನ ಮೇಲೆಯೇ ಸಿಟ್ಟು. ಅವನ ಸಿಟ್ಟಿಗೆ ಊರಲ್ಲಿ ಯಾರೂ ಹೆದರುತ್ತಿರಲಿಲ್ಲ. ಅದಕ್ಕೂ ಅವನಿಗೆ ಸಿಟ್ಟಿತ್ತು.

ಕಸುಬಿನಿಂದ ಅವನು ದಲಾಲ. ಎತ್ತು, ಎಮ್ಮೆ, ಹಳೆಯ ಟ್ರ್ಯಾಕ್ಟರು, ಕಬ್ಬಿನ ಟ್ರೇಲರು, ದ್ರಾಕ್ಷಿಗೆ ಔಷಧ ಹೊಡೆಯುವ ಪಂಪು, ಹೀಗೆ ಒಬ್ಬರು ಬಳಸಿ ಬೇಸತ್ತದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಅವನ ಕೆಲಸ. ಬಾಯಿ ತೆರೆಸಿ ಹಲ್ಲು ನೋಡದೆ ಎತ್ತಿನ ವಯಸ್ಸು ಹೇಳುತ್ತಾನೆ, ಸಪ್ಪಳ ಕೇಳಿಯೇ ಟ್ರ್ಯಾಕ್ಟರಿನ ರೋಗ ಹೇಳುತ್ತಾನೆ ಎಂದು ರಾಯಬಾಗದಿಂದ ಕಾಗವಾಡದವರೆಗೆ ಹೆಸರಿತ್ತು. ಆ ಹೆಸರನ್ನು ಹಬ್ಬಿಸಿದವನೂ ಅವನೇ. ಇಪ್ಪತ್ತೈದು ವರ್ಷದ ದಲಾಲಿಯಲ್ಲಿ ಅವನು ಕಂಡುಕೊಂಡ ಸಿದ್ಧಾಂತ ಒಂದೇ. ವಸ್ತು ಕೈ ಬದಲಾಯಿಸಿತೆಂದರೆ ಬೆಲೆ ಇಳಿಯಿತು. ಎರಡು ಸಲ ಬದಲಾಯಿಸಿತೆಂದರೆ ಇನ್ನೂ ಇಳಿಯಿತು. ಇದಕ್ಕೆ ಎದುರಾಡಿದವನು ಲಗಮಣ್ಣನ ಎದುರು ನಿಂತು ಎರಡನೆಯ ಮಾತು ಆಡಿದ್ದಿಲ್ಲ, ಯಾಕೆಂದರೆ ಲಗಮಣ್ಣ ಆಡಗೊಡುತ್ತಿರಲಿಲ್ಲ.

2011ರ ಚಳಿಗಾಲದ ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಈ ಸಿದ್ಧಾಂತಕ್ಕೆ ಪೆಟ್ಟು ಬಿತ್ತು. ಕೊಟ್ಟವನು ಸುಧೀರ ಗುರುಜಿ. ಇಬ್ಬರೂ ಏಳನೆಯ ಇಯತ್ತೆಯವರೆಗೆ ಒಂದೇ ಬೆಂಚಿನ ಮೇಲೆ ಕೂತವರು. ಆಮೇಲೆ ಸುಧೀರ ಮುಂದೆ ಓದಿ ಸಾಲೆಯ ಗುರುಜಿಯಾದ, ಲಗಮಣ್ಣ ಓದು ಬಿಟ್ಟು ಎತ್ತಿನ ಸಂತೆಗೆ ಹೋದ. ಅಂದಿನಿಂದ ಸುಧೀರನಿಗೆ ಲಗಮಣ್ಣನ ಮುಂದೆ ಪೇಪರು ಓದುವ ಚಟ. ಅವತ್ತು ಕೊಲ್ಹಾಪುರದಿಂದ ಬಂದ ಮರಾಠಿ ಪೇಪರಿನಲ್ಲಿ ಪಿನ್‌ಬಾಲ್ ಯಂತ್ರಗಳ ಬಗ್ಗೆ ಅರ್ಧ ಪುಟ ಬರೆದಿದ್ದರು. ಇಳಿಜಾರು ಮೇಜಿನಂಥ ಪೆಟ್ಟಿಗೆ, ಮೇಲೆ ಗಾಜು, ಒಳಗೆ ಉಕ್ಕಿನ ಒಂದು ಗುಂಡು. ಸ್ಪ್ರಿಂಗ್ ಎಳೆದು ಬಿಟ್ಟರೆ ಗುಂಡು ಓಡುತ್ತದೆ, ಎರಡು ರೆಕ್ಕೆಗಳಿಂದ ಅದನ್ನು ಮೇಲಕ್ಕೆ ಹೊಡೆಯಬೇಕು, ಹೊಡೆದಂತೆಲ್ಲ ದೀಪ ಹತ್ತುತ್ತವೆ, ಗಂಟೆ ಮೊಳಗುತ್ತದೆ. ಪರದೇಶದಿಂದ ಹೊಸದು ತರಿಸಿದರೆ ಒಂದು ಟ್ರ್ಯಾಕ್ಟರಿನ ಬೆಲೆ. ಎರಡು ವರ್ಷ ಆಡಿಸಿದರೆ ಅರ್ಧಕ್ಕೆ ಇಳಿಯುತ್ತದೆ, ಹತ್ತು ವರ್ಷಕ್ಕೆ ಕೇಳುವವರಿಲ್ಲ. ಆದರೆ ಮೂವತ್ತು ವರ್ಷ ದಾಟಿತೆಂದರೆ ಮತ್ತೆ ಏರಲು ಶುರು. ಮುಂಬೈ ಪುಣೆಯ ಶ್ರೀಮಂತರು ಹಳೆಯದನ್ನೇ ಹುಡುಕಿ ಹೊಸದಕ್ಕಿಂತ ಹೆಚ್ಚು ಕೊಟ್ಟು ಮನೆಯಲ್ಲಿ ಇಟ್ಟುಕೊಳ್ಳುತ್ತಾರಂತೆ.

ಲಗಮಣ್ಣ ಚಹಾದ ಬಶಿಯನ್ನು ಮೇಜಿನ ಮೇಲೆ ಕುಕ್ಕಿದ. ಮೂವತ್ತು ವರ್ಷದ ಎತ್ತು ಯಾವನಾದರೂ ಕೊಳ್ಳುತ್ತಾನೇನು ಎಂದು ಕೇಳಿದ. ಪೇಪರಿನವರಿಗೆ ಬರೆಯಲು ಬೇರೆ ಸುಳ್ಳು ಸಿಗಲಿಲ್ಲವೇನು ಎಂದೂ ಕೇಳಿದ. ಸುಧೀರ ಗುರುಜಿ ಪೇಪರು ಮಡಿಚಿ, ದಡ್ಡ ಹುಡುಗನಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ ಹೇಳಿದ.

"ಲಗಮಣ್ಣಾ, ಇದು ಎತ್ತಿನ ಸಂತಿ ಅಲ್ಲೋ. ತಿಳೀಲಿಲ್ಲಂದ್ರ ಸುಮ್ಮ ಚಾ ಕುಡಿ."

ಅಂಗಡಿಯಲ್ಲಿದ್ದ ಏಳು ಜನ ನಕ್ಕರು. ಲಗಮಣ್ಣ ಎಣಿಸಿದ, ಏಳೇ. ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಮನುಷ್ಯ ಹಸಿವಿನಿಂದ ಏನೇನೋ ಮಾಡುತ್ತಾನೆ, ಆಸೆಯಿಂದ ಏನೇನೋ ಮಾಡುತ್ತಾನೆ. ಆದರೆ ಏಳು ಜನ ನಕ್ಕ ಮೇಲೆ ಮಾಡುವಷ್ಟು ಹುಚ್ಚು ಕೆಲಸವನ್ನು ಬೇರೆ ಯಾವ ಕಾರಣಕ್ಕೂ ಮಾಡುವುದಿಲ್ಲ. ಇಂಥದೊಂದು ಯಂತ್ರ ಕೊಂಡು, ಮಾರಿ, ಸುಧೀರನ ಮೂಗಿನ ಕೆಳಗೆ ಲಾಭ ಹಿಡಿಯಬೇಕೆಂದು ಅವನು ಅಲ್ಲೇ ನಿಶ್ಚಯಿಸಿದ. ಸುಧೀರನ ಮಾತು ಸುಳ್ಳೆಂದು ತೋರಿಸಬೇಕಾದವನು ಅದನ್ನೇ ನಂಬಿ ವ್ಯಾಪಾರಕ್ಕಿಳಿದಿದ್ದ. ಇದು ಅವನ ಗಮನಕ್ಕೆ ಬರಲಿಲ್ಲ. ಸಿಟ್ಟಿನಲ್ಲಿ ಇಂಥ ಸಣ್ಣಪುಟ್ಟ ಸಂಗತಿಗಳು ಕಾಣುವುದಿಲ್ಲ.

ನಾಲ್ಕು ದಿನ ಹುಡುಕಿದ ಮೇಲೆ ಯಂತ್ರ ಸಿಕ್ಕದ್ದು ನಿಪ್ಪಾಣಿಯಲ್ಲಿ. ಅಲ್ಲಿ ದಶರಥ ಎಂಬ ಭಂಗಾರದ ವ್ಯಾಪಾರಿ, ಅಂದರೆ ಹಳೆಯ ಕಬ್ಬಿಣ, ತಗಡು, ಮುರುಕು ಸಾಮಾನು ಕೊಳ್ಳುವವನು. ತಂಬಾಕಿನ ಸಾವಕಾರರೊಬ್ಬರ ಬಂಗಲೆ, ಗೋದಾಮು ಕೆಡವುವಾಗ ಈ ಯಂತ್ರ ಅವನ ಪಾಲಿಗೆ ಬಂದಿತ್ತು. ಸಾವಕಾರರ ಮಗ ಯಾವುದೋ ಕಾಲದಲ್ಲಿ ಮುಂಬೈಯಿಂದ ತರಿಸಿ, ಆಡಿ, ಬೇಸತ್ತು, ತಂಬಾಕಿನ ಗೋದಾಮಿನಲ್ಲಿ ಒಗೆದಿದ್ದ. ಮೂವತ್ತೈದು ವರ್ಷ ತಂಬಾಕಿನ ಚೀಲಗಳ ನಡುವೆ ನಿಂತು ಅದಕ್ಕೆ ಎಂಥ ವಾಸನೆ ಹತ್ತಿತ್ತೆಂದರೆ, ಹತ್ತಿರ ಹೋದವರು ಮೊದಲು ಮೂರು ಸಲ ಸೀನಿ ಆಮೇಲೆ ಮಾತಾಡಬೇಕು.

ಲಗಮಣ್ಣ ಸೀನಿ, ಹೆಗಲ ಮೇಲಿನ ಟವೆಲ್ ತೆಗೆದ. ನಮ್ಮ ದನದ ಸಂತೆಯಲ್ಲಿ ಬಾಯಿಂದ ಬೆಲೆ ಹೇಳುವ ರೂಢಿ ಇಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ. ಸುತ್ತ ನೂರು ಜನ ನಿಂತರೂ ಯಾರಿಗೂ ತಿಳಿಯುವುದಿಲ್ಲ. ದಶರಥನಿಗೂ ಈ ರೂಢಿ ಗೊತ್ತಿತ್ತು. ಇಬ್ಬರೂ ಟವೆಲಿನೊಳಗೆ ಅರ್ಧ ಗಂಟೆ ಬೆರಳು ಹಿಡಿದರು, ಬಿಟ್ಟರು, ಕೊಸರಿದರು. ಕೊನೆಗೆ ದಶರಥ ಬೆರಳು ಬಿಟ್ಟು ಬಾಯಿ ಬಿಟ್ಟ. ಅವನ ತಮ್ಮ ತಾಲೀಮಿನಲ್ಲಿ ಕುಸ್ತಿ ಮಾಡುವ ಪೈಲ್ವಾನ. ಅವನಿಗೆ ದಿನಕ್ಕೆ ನಾಲ್ಕು ಲೀಟರ್ ಎಮ್ಮೆಯ ಹಾಲು ಬೇಕು. ರೊಕ್ಕ ಬೇಡ, ಹಾಲು ಕರೆಯುವ ಒಂದು ಎಮ್ಮೆ ಕೊಟ್ಟರೆ ಯಂತ್ರ ಒಯ್ಯಬಹುದು.

ಇಲ್ಲಿ ಲಗಮಣ್ಣನ ಮನೆಯ ಸಂಗತಿ ಹೇಳಬೇಕು. ಅವನ ಮನೆಯಲ್ಲಿ ಮೈನಾ ಎಂಬ ಪಂಢರಪುರಿ ಎಮ್ಮೆ ಇತ್ತು. ಕೋಡುಗಳು ಬೆನ್ನು ದಾಟಿ ಹೋಗುವಷ್ಟು ಉದ್ದ. ಅದು ಅವನದಲ್ಲ, ಅವನ ಹೆಂಡತಿ ಚನ್ನವ್ವನದು. ತವರಿನವರು ಕೊಟ್ಟ ಎಮ್ಮೆಯ ಹೊಟ್ಟೆಯಲ್ಲಿ ಹುಟ್ಟಿದ್ದು. ಊರ ಡೇರಿಯಲ್ಲಿ ಕೆನೆ ಹೆಚ್ಚು ಬರುವ ಹಾಲು ಯಾರದೆಂದರೆ ಚನ್ನವ್ವನದು. ಡೇರಿಯವನು ಅಳತೆ ನೋಡಿ ದಿನಾ ತಲೆ ದೂಗುತ್ತಿದ್ದ. ಆ ತಲೆ ದೂಗುವಿಕೆಯೇ ಅವಳ ಪಾಲಿನ ಬಂಗಾರ. ಅವಳು ಬಸುರಿ ತಂಗಿಯ ಕುಬಸಕ್ಕೆಂದು ತವರೂರು ಮಂಗಸೂಳಿಗೆ ಹೋಗಿ ಎಂಟು ದಿನವಾಗಿತ್ತು. ಮೈನಾ ಚನ್ನವ್ವನ ಕೈಗೆ ಬಿಟ್ಟು ಬೇರೆ ಕೈಗೆ ಹಾಲು ಇಳಿಸುವುದಿಲ್ಲ. ಎಂಟು ದಿನದಲ್ಲಿ ಲಗಮಣ್ಣನನ್ನು ಎರಡು ಸಲ ಒದ್ದಿತ್ತು, ಒಂದು ಸಲ ಬಕೆಟ್ಟಿನ ಸಮೇತ. ಅವನಿಗೆ ಸುಧೀರನ ಮೇಲೆ ಇದ್ದಷ್ಟೇ ಸಿಟ್ಟು ಮೈನಾಳ ಮೇಲೂ ಇತ್ತು. ಒಂದೇ ಏಟಿಗೆ ಇಬ್ಬರ ಮೇಲೂ ಸೇಡು ತೀರಿಸಿಕೊಳ್ಳುವ ದಾರಿ ದಶರಥ ತೋರಿಸಿದ್ದ.

ಎಮ್ಮೆ ಒದೆಯುತ್ತದೆ ಎಂದು ಲಗಮಣ್ಣ ಹೇಳಲಿಲ್ಲ. ಯಂತ್ರದ ಒಂದು ರೆಕ್ಕೆ ಅರ್ಧವೇ ಏಳುತ್ತದೆ ಎಂದು ದಶರಥ ಹೇಳಲಿಲ್ಲ. ವ್ಯಾಪಾರ ನ್ಯಾಯವಾಗಿಯೇ ನಡೆಯಿತು. ಮೇಲಾಗಿ ಲಗಮಣ್ಣ ಒಂದು ಜಾಣತನ ಮಾಡಿದ. ಮಾತು ಆದದ್ದು ಎಮ್ಮೆಗೆ, ಕರುವಿಗಲ್ಲ ಎಂದು ಐದು ತಿಂಗಳ ಕರುವನ್ನು ಮನೆಯಲ್ಲೇ ಉಳಿಸಿಕೊಂಡ. ಟೆಂಪೋ ಯಂತ್ರ ಇಳಿಸಿ ಎಮ್ಮೆ ಹತ್ತಿಸಿಕೊಂಡು ಹೋದಾಗ ಅವನು ಆ ವರ್ಷದಲ್ಲಿ ಮೊದಲ ಸಲ ನಕ್ಕ.

ಮರುದಿನ ಚನ್ನವ್ವ ಬಂದಳು. ಗಂಟು ಇಳಿಸುವ ಮೊದಲೇ ಹಿತ್ತಲಿನ ಕೊಟ್ಟಿಗೆಗೆ ಹೋದಳು. ಮೈನಾಳ ಗೂಟದ ಹತ್ತಿರ ನಾಲ್ಕು ಕಾಲಿನ ಮೇಲೆ ಬೇರೆ ಏನೋ ನಿಂತಿತ್ತು. ಕರು ಅದರ ಕಾಲು ನೆಕ್ಕಿ ನೆಕ್ಕಿ ಸೀನುತ್ತಿತ್ತು. ಗಂಡನನ್ನು ಕರೆದು ಎಮ್ಮೆ ಎಲ್ಲಿ ಎಂದು ಕೇಳಿದಳು. ಲಗಮಣ್ಣ ಹೊಸ ಪಿನ್‌ಬಾಲಿನ ಬೆಲೆ, ಹಳೆಯದರ ಬೆಲೆ, ಮೂವತ್ತು ವರ್ಷದ ಮೇಲಿನ ಏರಿಕೆ ಎಲ್ಲವನ್ನೂ ಪೇಪರಿನಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿ ವಿವರಿಸಿದ. ಒಂದು ಎಮ್ಮೆಯ ಬದಲು ಎರಡು ಎಮ್ಮೆ ಬರುತ್ತವೆ, ಅಲ್ಲಿಯವರೆಗೆ ಇದನ್ನೇ ಎಮ್ಮೆ ಅಂತ ತಿಳಿದುಕೋ ಎಂದ.

ಚನ್ನವ್ವ ಒಳಗೆ ಹೋಗಿ ಹಾಲಿನ ಬಕೆಟ್ಟು ತಂದು ಯಂತ್ರದ ಕೆಳಗೆ ಇಟ್ಟಳು.

"ಹಂಗಾರ ಹಿಂಡ್ರಿ."

ಅವಳು ಮುಂದಿನ ಮಾತನ್ನು ಕರುವಿನ ಕಡೆ ನೋಡುತ್ತ ಹೇಳಿದಳು. "ಅಮಾಸಿ ಒಳಗ ನನ್ನ ಮೈನಾ ಗ್ವಾದಲಿಗೆ ಬರಬೇಕು. ಬರಲಿಲ್ಲಂದ್ರ ನಾ ಮಂಗಸೂಳಿಗೆ ಹೋಗಾಕಿ. ನೀವು ಈ ಮಶಿನ್ನಿನ ಕೈಲೇ ರೊಟ್ಟಿ ಬಡಿಸ್ಕೋರಿ."

ಅಮಾವಾಸ್ಯೆಗೆ ಹದಿನಾಲ್ಕು ದಿನವಿತ್ತು. ಅಂದಿನಿಂದ ಅವಳು ಮಾತು ಬಿಟ್ಟಳು. ಆದರೆ ದಿನಾ ಬೆಳಿಗ್ಗೆ, ಸಂಜೆ, ಡೇರಿಯ ಹೊತ್ತಿಗೆ ಸರಿಯಾಗಿ ಬಕೆಟ್ಟು ತಂದು ಯಂತ್ರದ ಕೆಳಗೆ ಇಡುವಳು. ಅರ್ಧ ಗಂಟೆ ಬಿಟ್ಟು ಬಂದು ಖಾಲಿ ಬಕೆಟ್ಟನ್ನು ಬಗ್ಗಿ ನೋಡಿ, ಲಗಮಣ್ಣ ಎಲ್ಲಿದ್ದರೂ ಅಲ್ಲಿಗೆ ಬಂದು ತೋರಿಸಿ, ಒಳಗೆ ಹೋಗುವಳು. ಚಹಾಕ್ಕೆ ಬೇಕಾದ ಹಾಲನ್ನು ಪಕ್ಕದ ಮನೆಯ ಸಾವಿತ್ರೆವ್ವನಿಂದ ಕೊಳ್ಳಬೇಕಾಯಿತು. ಊರಿಗೆ ಹಾಲು ಹಾಕುವವಳು ಅರ್ಧ ಲೀಟರಿಗೆ ಪಾತ್ರೆ ಹಿಡಿದು ನಿಂತಳು. ಸಾವಿತ್ರೆವ್ವ ಹಾಲು ಹಾಕುವಾಗ ಏನೂ ಕೇಳಲಿಲ್ಲ, ಬರೀ ನಿಟ್ಟುಸಿರು ಬಿಟ್ಟಳು. ಕೇಳಿದ್ದರೆ ಚನ್ನವ್ವ ತಡೆಯುತ್ತಿದ್ದಳು. ನಿಟ್ಟುಸಿರು ಕೇಳಿ ಮನೆಗೆ ಬಂದು ಎರಡು ಗಡಿಗೆ ಒಡೆದಳು.

ಲಗಮಣ್ಣ ಯಂತ್ರಕ್ಕೆ ಕರೆಂಟು ಕೊಟ್ಟ. ಅದು ಮೈ ಕೊಡವಿಕೊಂಡು ಎದ್ದಿತು. ದೀಪಗಳು ಹತ್ತಿದವು, ಗುಂಡು ಓಡಿತು, ಒಳಗಿನ ಹಿತ್ತಾಳೆ ಗಂಟೆ ಮೂರು ಓಣಿಗೆ ಕೇಳುವಂತೆ ಮೊಳಗಿತು. ಸಂಜೆಯ ಹೊತ್ತಿಗೆ ಖೋತನ ಕೊಟ್ಟಿಗೆಯಲ್ಲಿ ಜೂಜಿನ ಮಶಿನ್ ಬಂದಿದೆ ಎಂದು ಸದಲಗಾ ಪೂರ್ತಿ ಮಾತಾಯಿತು. ಯಾರೋ ಪುಣ್ಯಾತ್ಮರು ಪೊಲೀಸರಿಗೆ ಫೋನ್ ಮಾಡಿದರು. ಮರುದಿನ ಉತ್ತಮ ಹವಾಲ್ದಾರ ಬಂದ.

ಹವಾಲ್ದಾರ ಮೊದಲು ಸೀನಿದ. ಆಮೇಲೆ ರೊಕ್ಕ ಎಲ್ಲಿಂದ ಹೊರಗೆ ಬರುತ್ತದೆ ಎಂದು ಕೇಳಿದ. ರೊಕ್ಕ ಬರುವುದಿಲ್ಲ ಎಂದು ಲಗಮಣ್ಣ ಹೇಳಿದ. ಹಾಗಾದರೆ ಗೆದ್ದವನಿಗೆ ಏನು ಸಿಗುತ್ತದೆ ಎಂದು ಕೇಳಿದ. ಏನೂ ಸಿಗುವುದಿಲ್ಲ, ಇನ್ನೊಂದು ಸಲ ಆಡಲು ಸಿಗುತ್ತದೆ ಎಂದ ಲಗಮಣ್ಣ. ಏನೂ ಸಿಗದಿದ್ದರೂ ಜನ ಆಡುತ್ತಾರೆಂಬ ಮಾತನ್ನು ಹವಾಲ್ದಾರ ತನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಕೇಳಿರಲಿಲ್ಲ. ಖಾತ್ರಿ ಮಾಡಿಕೊಳ್ಳಲು ಟೋಪಿ ತೆಗೆದು ಕರುವಿನ ಗೂಟಕ್ಕೆ ಹಾಕಿ ಆಡಲು ನಿಂತ. ಎರಡು ತಾಸು ಖಾತ್ರಿ ಮಾಡಿಕೊಂಡ. ಹೋಗುವಾಗ ತನಿಖೆ ಪೂರ್ತಿ ಆಗಿಲ್ಲ, ನಾಳೆ ಬರುತ್ತೇನೆ ಎಂದ. ಮರುದಿನವೂ ಬಂದ, ಅದರ ಮರುದಿನವೂ ಬಂದ. ಮೂರನೆಯ ದಿನ ತನಿಖೆಗೆ ಸಹಾಯಕ್ಕೆಂದು ಇನ್ನೊಬ್ಬ ಪೊಲೀಸನನ್ನೂ ಕರೆತಂದ. ಎಡಗಡೆಯ ರೆಕ್ಕೆ ಅರ್ಧವೇ ಏಳುತ್ತದೆ, ಅದನ್ನು ರಿಪೇರಿ ಮಾಡಿಸಿಡು ಎಂದು ಲಗಮಣ್ಣನಿಗೇ ಜಬರಿಸಿದ. ಲಗಮಣ್ಣ ಬೆರಳು ಮಡಿಚಿ ಎಣಿಸಿದ. ತನ್ನ ಯಂತ್ರ, ತನ್ನ ಕರೆಂಟು, ತನ್ನದೇ ಮೇಲೆ ತನಿಖೆ, ಅದಕ್ಕೆ ಚಹಾ ಬೇರೆ. ಆ ಚಹಾದ ಹಾಲು ಸಾವಿತ್ರೆವ್ವನದು.

ನಾಲ್ಕನೆಯ ದಿನ ತನಿಖೆ ರಂಗಕ್ಕೇರಿ ಗಂಟೆ ಬಿಡದೆ ಮೊಳಗುತ್ತಿದ್ದಾಗ ಚನ್ನವ್ವ ಕುಡುಗೋಲು ಹಿಡಿದು ಕೊಟ್ಟಿಗೆಗೆ ಬಂದಳು. ಹವಾಲ್ದಾರ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಯಂತ್ರದ ಹಿಂದಿನ ಹಲಗೆ ಸರಿಸಿ, ಕುಡುಗೋಲಿನ ತುದಿಯಿಂದ ತಿರುಪು ಬಿಚ್ಚಿ, ಬಟ್ಟಲಿನಂಥ ಹಿತ್ತಾಳೆ ಗಂಟೆಯನ್ನು ಹೊರಗೆ ತೆಗೆದಳು. ಅದರೊಳಗೆ ದಾರದಿಂದ ಒಂದು ನಟ್ಟು ಇಳಿಬಿಟ್ಟು, ತಾಯಿಗಾಗಿ ಒದರುತ್ತಿದ್ದ ಕರುವಿನ ಕೊರಳಿಗೆ ಕಟ್ಟಿದಳು. ಗಂಟೆ ಇಲ್ಲದ ಮೇಲೆ ತನಿಖೆಯಲ್ಲಿ ರುಚಿ ಉಳಿಯಲಿಲ್ಲ. ಜೂಜು ಅಲ್ಲವೆಂದು ಬರೆದುಕೊಂಡು ಹವಾಲ್ದಾರ ಟೋಪಿ ಹಾಕಿಕೊಂಡು ಹೋದ.

ಇನ್ನು ಮಾರಬೇಕು. ಇದಕ್ಕೆ ಸುಧೀರ ಗುರುಜಿಯ ಕಾಲು ಹಿಡಿಯದೆ ಗತಿ ಇರಲಿಲ್ಲ, ಯಾಕೆಂದರೆ ಇಂಟರ್ನೆಟ್ಟು ಬಲ್ಲವನು ಅವನೊಬ್ಬನೇ. ಗುರುಜಿ ಮೊಬೈಲಿನಲ್ಲಿ ಯಂತ್ರದ ಫೋಟೋ ತೆಗೆದು, ಹಳೆಯ ವಸ್ತು ಮಾರುವ ಕಡೆ ಹಾಕಿದ. ಮೂರೇ ದಿನದಲ್ಲಿ ಕೊಲ್ಹಾಪುರದಿಂದ ವಿಶಾಲ ಎಂಬವನ ಫೋನ್ ಬಂತು. ಹಳೆಯ ಪಿನ್‌ಬಾಲ್ ಕೊಂಡು ಪುಣೆ ಮುಂಬೈಗೆ ಕಳಿಸುವುದೇ ಅವನ ಉದ್ಯೋಗ. ಫೋಟೋ ನೋಡಿ ಹುಚ್ಚಾಗಿದ್ದ. ಭಾನುವಾರ ಬರುತ್ತೇನೆ, ಇನ್ಯಾರಿಗೂ ಕೊಡಬೇಡಿ ಎಂದ. ಭಾನುವಾರವೇ ಅಮಾವಾಸ್ಯೆ.

ಲಗಮಣ್ಣನಿಗೆ ಆ ಫೋಟೋದ ಬಗ್ಗೆ ನಾಚಿಕೆಯಾಯಿತು. ಧೂಳು ಹಿಡಿದ, ಬಣ್ಣ ಮಾಸಿದ ಮಾಲನ್ನು ತೋರಿಸಿ ಬೆಲೆ ಕೇಳುವ ದಲಾಲ ಅವನಲ್ಲ. ಎತ್ತನ್ನು ಸಂತೆಗೆ ಒಯ್ಯುವ ಮೊದಲು ಮೈ ತೊಳೆಯಬೇಕು, ಕೋಡು ಕೆರೆದು ಬಣ್ಣ ಹಚ್ಚಬೇಕು, ಝೂಲು ಹೊದಿಸಬೇಕು. ಹಳೆಯ ಟ್ರೇಲರಿಗೆ ಒಂದು ಕೋಟು ಎಣ್ಣೆಬಣ್ಣ ಬಿದ್ದರೆ ಅದರ ತೂತುಗಳೂ ಹೊಸದಾಗಿ ಕಾಣುತ್ತವೆ. ಬಣ್ಣ ಹೊಡೆಯದೆ ಮಾರಿದ ಮಾಲು ಅವನ ಕೈಯಿಂದ ಇಂದಿನವರೆಗೆ ದಾಟಿರಲಿಲ್ಲ. ಚಿಕ್ಕೋಡಿಯಿಂದ ಟ್ರೇಲರ್ ಪೇಂಟರ್ ಲಖನನನ್ನು ಕರೆಸಿದ.

ಲಖನ ಎರಡು ದಿನ ಕೂತು ಕೆಲಸ ಮಾಡಿದ. ಕಾಲುಗಳಿಗೆ ಕೆಂಪು ಬಿಳಿ ಪಟ್ಟೆ. ಎರಡೂ ಬದಿಗೆ ಗಿಣಿ, ಗಿಣಿಯ ಕೊಕ್ಕಿನಲ್ಲಿ ಕಮಲ. ಮುಂದೆ 'ಶ್ರೀ ಮಲ್ಲಯ್ಯ ಪ್ರಸನ್ನ'. ಹಿಂದೆ, ಕೈಗೆ ರೂಢಿ ಬಿದ್ದು, 'ಅಂತರ ಕಾಯ್ದುಕೊಳ್ಳಿರಿ'. ಉಳಿದದ್ದು ಎದುರಿನ ನಿಂತ ಗಾಜು. ಅದರ ಮೇಲೆ ಮೋಟರ್ ಸೈಕಲ್ ಏರಿದ ಪರದೇಶದ ಹೆಣ್ಣುಮಗಳ ಚಿತ್ರವಿತ್ತು, ಮೈಮೇಲೆ ಕರವಸ್ತ್ರದಷ್ಟು ಬಟ್ಟೆ. ಈ ಚಿತ್ರ ನೋಡಿ ಸಾವಿತ್ರೆವ್ವ ಹದಿಮೂರು ದಿನದಿಂದ ಬೇಲಿಯ ಮೇಲಿಂದ ಸಿಟ್ಟು ಮಾಡುತ್ತಿದ್ದಳು, ಆದರೆ ನೋಡುವುದನ್ನು ಬಿಟ್ಟಿರಲಿಲ್ಲ. ಲಖನ ಆ ಹೆಣ್ಣುಮಗಳಿಗೆ ಹಸಿರು ಸೀರೆ ಉಡಿಸಿದ, ಕೆಂಪು ದಡಿ ಇಟ್ಟ, ತುಂಬು ತೋಳಿನ ಕುಬಸ ತೊಡಿಸಿದ, ಹಣೆಗೆ ಕಾಸಿನಗಲ ಕುಂಕುಮ, ಮೂಗಿಗೆ ನತ್ತು. ಸೆರಗು ಮೋಟರ್ ಸೈಕಲ್ಲಿನ ಹಿಂದೆ ಹಾರುವಂತೆ ಬಿಟ್ಟ. ಚಕ್ರದಲ್ಲಿ ಸೆರಗು ಸಿಕ್ಕೀತು ಎಂದು ಸಾವಿತ್ರೆವ್ವ ಕಾಳಜಿ ಮಾಡಿದಳು, ಹಾಗಾಗಿ ಸ್ವಲ್ಪ ಗಿಡ್ಡ ಮಾಡಿದ.

ಭಾನುವಾರ ವಿಶಾಲ ಕಾರಿನಲ್ಲಿ ಬಂದ. ಕೊಟ್ಟಿಗೆಯ ಸುತ್ತ ಅರ್ಧ ಊರು ನೆರೆದಿತ್ತು. ಸುಧೀರ ಗುರುಜಿ ಎಲ್ಲರಿಗಿಂತ ಮುಂದೆ. ಚನ್ನವ್ವ ಬಾಗಿಲಲ್ಲಿ ಗಂಟು ಕಟ್ಟಿಟ್ಟುಕೊಂಡು ನಿಂತಿದ್ದಳು. ಮಧ್ಯಾಹ್ನದ ಅಥಣಿ ಬಸ್ಸಿಗೆ ತವರಿಗೆ ಹೋಗುವವಳು. ಲಗಮಣ್ಣ ಅದನ್ನು ನೋಡಿಯೂ ನೋಡದವನಂತೆ ಮಾಡಿ, ಎತ್ತಿನ ಝೂಲು ಹೊದಿಸಿದ ಯಂತ್ರದ ಹತ್ತಿರ ಹೋಗಿ, ಒಂದೇ ಎಳೆತಕ್ಕೆ ಝೂಲು ಜಗ್ಗಿದ.

ವಿಶಾಲ ಗ್ವಾದಲಿಯ ಮೇಲೆ ಕೂತುಬಿಟ್ಟ. ಮೇವು ತಿನ್ನುವ ಜಾಗದಲ್ಲಿ ಪ್ಯಾಂಟು ಹಾಕಿದ ಮನುಷ್ಯ ಯಾಕೆ ಕೂತ ಎಂದು ಕರುವಿಗೂ ತಿಳಿಯಲಿಲ್ಲ. ಅಲ್ಲಿಂದಲೇ ಅವನು ಮರಾಠಿಯಲ್ಲಿ ಕೇಳಿದ, ಇದನ್ನು ಮಾಡಿದವರು ಯಾರು. ಚಿಕ್ಕೋಡಿಯ ಲಖನ, ಅವನ ವಿಳಾಸ ಬೇಕೇನು ಎಂದು ಲಗಮಣ್ಣ ಹೆಮ್ಮೆಯಿಂದ ಕೇಳಿದ. ವಿಶಾಲ ಎದ್ದು ನಿಂತು ಬೈಯಲು ಶುರು ಮಾಡಿದ. ಈ ಯಂತ್ರ ಹೇಗಿತ್ತೋ ಹಾಗೇ ಬೇಕಿತ್ತು, ಆ ಮಾಸಿದ ಬಣ್ಣಕ್ಕೇ ರೊಕ್ಕ, ಆ ಧೂಳಿಗೂ ರೊಕ್ಕ. ಮೂವತ್ತೈದು ವರ್ಷ ಕೆಡದೆ ಉಳಿದದ್ದನ್ನು ಎರಡು ದಿನದಲ್ಲಿ ಕೆಡಿಸಿದಿರಲ್ಲ ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಅದು ದುಃಖವೋ ತಂಬಾಕಿನ ಘಾಟೋ ಯಾರಿಗೂ ತಿಳಿಯಲಿಲ್ಲ.

ಲಗಮಣ್ಣನೂ ಕೆರಳಿದ. ಮಾಲಿಗೆ ಬಣ್ಣ ಹೊಡೆದದ್ದು ತಪ್ಪು ಎನ್ನುವವನನ್ನು ಅವನು ಮೊದಲ ಸಲ ನೋಡಿದ್ದು. ಇದು ಬೆಲೆ ಇಳಿಸುವ ಹೂಟ ಎಂದು ಕೂಗಿ, ಅವನ ಕೈ ಹಿಡಿದು ಎಳೆದು ಟವೆಲ್ ಹೊದಿಸಿದ. ಎಷ್ಟು ಕೊಡುತ್ತೀ ಅಷ್ಟು ಹಿಡಿ ಎಂದ. ವಿಶಾಲನಿಗೆ ಆ ರೂಢಿ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಮುಷ್ಟಿ ಬಿಗಿ ಹಿಡಿದಿದ್ದ.

ಟವೆಲಿನ ಕೆಳಗೆ ಲಗಮಣ್ಣನ ಕೈ ಬೆರಳು ಹುಡುಕಿತು. ಒಂದೂ ಸಿಗಲಿಲ್ಲ. ಕುಂಟೆತ್ತಿಗೂ ಯಾರಾದರೂ ಒಂದು ಬೆರಳು ಕೊಟ್ಟಿದ್ದರು. ಇಪ್ಪತ್ತೈದು ವರ್ಷದಲ್ಲಿ ಅವನಿಗೆ ಮುಷ್ಟಿ ಕೊಟ್ಟವರು ಯಾರೂ ಇರಲಿಲ್ಲ. ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ.

ಆ ಹೊತ್ತಿಗೆ ಸರಿಯಾಗಿ ಹೊರಗೆ ಟೆಂಪೋ ನಿಂತಿತು. ಮೈನಾಳ ಕೋಡು ಮೊದಲು ಕಾಣಿಸಿತು. ಹಿಂದೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಪೈಲ್ವಾನ, ಅವನ ಹಿಂದೆ ಬೈಯುತ್ತ ದಶರಥ. ಹದಿನೈದು ದಿನದಲ್ಲಿ ಎಮ್ಮೆ ಒಂದು ಚರಿಗೆ ಹಾಲು ಕೊಟ್ಟಿರಲಿಲ್ಲ. ಕೊಲ್ಹಾಪುರದ ಮಣ್ಣಿನಲ್ಲಿ ಯಾರೂ ಕೆಡವದ ಪೈಲ್ವಾನನನ್ನು ಒಂದೇ ಒದೆಗೆ ಸಗಣಿಯಲ್ಲಿ ಕೆಡವಿತ್ತು. ಎಮ್ಮೆ ತಗೋ, ನನ್ನ ಮಶಿನ್ ಕೊಡು, ಮೇಲೆ ಟೆಂಪೋ ಬಾಡಿಗೆ ಕೊಡು, ಮೊಣಕಾಲಿನ ಔಷಧದ ಖರ್ಚು ಕೊಡು ಎಂದು ದಶರಥ ಕೂಗಿದ. ಕೂಗುತ್ತಲೇ ಅವನ ಕಣ್ಣು ಯಂತ್ರದ ಮೇಲೆ ಬಿತ್ತು. ಗಿಣಿ ನೋಡಿದ, ಕಮಲ ನೋಡಿದ, ಸೀರೆ ನೋಡಿದ. ಹೊಸದಕ್ಕಿಂತ ಹೊಸದಾಗಿದೆಯಲ್ಲ ಎಂದು ಅವನ ದನಿ ಮೆತ್ತಗಾಯಿತು.

ಇಂಥ ಅದೃಷ್ಟ ಮನುಷ್ಯನಿಗೆ ಜೀವನದಲ್ಲಿ ಒಂದೇ ಸಲ ಬರುತ್ತದೆ. ಬೆಲೆ ಇಲ್ಲದ ಯಂತ್ರ ಕೊಟ್ಟು ಎಮ್ಮೆ ಕಟ್ಟಿಕೊಳ್ಳಬೇಕು, ಬಾಯಿ ಮುಚ್ಚಿಕೊಂಡು ಹ್ಞೂಂ ಅನ್ನಬೇಕು, ಅಷ್ಟೇ. ಆದರೆ ಎದುರಿನವನು 'ಮೇಲೆ ಕೊಡು' ಎಂದ ಕೂಡಲೇ ಲಗಮಣ್ಣನೊಳಗಿನ ದಲಾಲ ಎದ್ದು ನಿಂತ. ನೀನೇ ಮೇಲೆ ಕೊಡಬೇಕು ಎಂದ. ಎಮ್ಮೆ ಸೊರಗಿದೆ ಎಂದ, ಬಲಗೋಡು ಸವೆದಿದೆ ಎಂದ, ಬಣ್ಣದ ಖರ್ಚು ಯಾರಪ್ಪ ಕೊಡಬೇಕು ಎಂದ. ದಶರಥನೂ ಏರಿಸಿ ಕೂಗಿದ, ಎಮ್ಮೆಯ ಹಗ್ಗ ಹಿಡಿದು ಮತ್ತೆ ಟೆಂಪೋ ಕಡೆ ತಿರುಗಿದ. ಮತ್ತೆ ಗ್ವಾದಲಿಯ ಮೇಲೆ ತಲೆ ಹಿಡಿದು ಕೂತಿದ್ದ ವಿಶಾಲ ಯಾವ ಗಳಿಗೆಯಲ್ಲಾದರೂ ಬಾಯಿ ತೆರೆದು ಯಂತ್ರದ ಬಂಡವಾಳ ಹೇಳಿಬಿಡುವಂತಿದ್ದ. ಅವರು ಯಾರು ಎಂದು ದಶರಥ ಕೇಳಿದ. ಬೀಗರು, ತಲೆನೋವು ಎಂದು ಸಾವಿತ್ರೆವ್ವ ಬೇಲಿಯ ಮೇಲಿಂದ ಹೇಳಿದಳು. ಅವಳು ಆ ಹದಿನಾಲ್ಕು ದಿನದಲ್ಲಿ ಮಾಡಿದ ಒಂದೇ ಉಪಕಾರ ಅದು.

ಚನ್ನವ್ವ ಗಂಟು ಕೆಳಗಿಟ್ಟು ಬಂದಳು. ಗಂಡನ ಹೆಗಲಿನಿಂದ ಟವೆಲ್ ಎಳೆದುಕೊಂಡಳು. ದಶರಥನ ಬಲಗೈ ಹಿಡಿದು ಅದರ ಮೇಲೆ ಟವೆಲ್ ಹೊದಿಸಿದಳು. ಹೆಣ್ಣುಮಗಳು ಟವೆಲಿನೊಳಗೆ ಕೈ ಇಟ್ಟದ್ದನ್ನು ಸದಲಗಾ ನೋಡಿರಲಿಲ್ಲ. ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು. ದಶರಥ ಮೊದಲು ನಕ್ಕ. ಆಮೇಲೆ ನಗೆ ನಿಂತಿತು. ಅವನ ಮುಖ ಕೆಂಪಾಯಿತು, ಬೆಳ್ಳಗಾಯಿತು, ಹಣೆಯ ಮೇಲೆ ಬೆವರು ಬಂತು. ಚನ್ನವ್ವ ಅವನ ಮುಖವನ್ನೇ ನೋಡುತ್ತಿದ್ದಳು.

"ಆತ್ರಿ ವೈನಿ," ಎಂದ ದಶರಥ ಸಣ್ಣ ದನಿಯಲ್ಲಿ. "ಮ್ಯಾಲ ಏನೂ ಬ್ಯಾಡ. ಆತ್ರಿ."

ಪೈಲ್ವಾನ ಒಂದೇ ಕಾಲಿನ ಮೇಲೆ ನಿಂತು ಯಂತ್ರ ಹತ್ತಿಸಿದ. ಟೆಂಪೋ ಹೋಯಿತು. ಅದರ ಬೆನ್ನಲ್ಲಿ 'ಅಂತರ ಕಾಯ್ದುಕೊಳ್ಳಿರಿ' ಎಂಬುದು ಓಣಿಯ ತಿರುವಿನವರೆಗೆ ಕಾಣುತ್ತಿತ್ತು. ಕರು ಗಂಟೆ ಬಾರಿಸುತ್ತ ತಾಯಿಯ ಹತ್ತಿರ ಓಡಿತು, ಚನ್ನವ್ವ ಬಕೆಟ್ಟು ತಂದು ಕೂತಳು, ಮೈನಾ ಕಣ್ಣು ಮುಚ್ಚಿ ಹಾಲು ಬಿಟ್ಟಿತು. ಅಥಣಿ ಬಸ್ಸು ಅವಳಿಲ್ಲದೆ ಹೋಯಿತು.

ಲಗಮಣ್ಣನಿಗೆ ಅಂದಿನಿಂದ ಒಂದೇ ಉರಿ. ಅವಳು ಟವೆಲಿನೊಳಗೆ ಎಷ್ಟು ಹೇಳಿದಳು. ತಾನು ಅರ್ಧ ಗಂಟೆ ಒದರಿದರೂ ಇಳಿಯದವನನ್ನು ಅರೆ ನಿಮಿಷದಲ್ಲಿ ಇಳಿಸಿದ ಆ ಲೆಕ್ಕ ಯಾವುದು. ಸಿಟ್ಟಿನಿಂದ ಕೇಳಿದ, ಮೆತ್ತಗೆ ಕೇಳಿದ, ಉಪವಾಸ ಕೂತು ಕೇಳಿದ. ಅವಳು ಸಗಣಿ ಬಳಿಯುವುದನ್ನು ನಿಲ್ಲಿಸಲಿಲ್ಲ.

ಆರು ವಾರ ಕಳೆದ ಮೇಲೆ ಚಹಾದ ಅಂಗಡಿಯಲ್ಲಿ ಸುಧೀರ ಗುರುಜಿ ಮತ್ತೆ ಪೇಪರು ಬಿಚ್ಚಿದ. ಅದರಲ್ಲಿ ಬಣ್ಣದ ಫೋಟೋ ಇತ್ತು. ಹಸಿರು ಸೀರೆ, ನತ್ತು, ಮೋಟರ್ ಸೈಕಲ್ಲು. ವಿಶಾಲ ಅವತ್ತು ಬಿಡಿಭಾಗಕ್ಕಾದರೂ ಆದೀತೆಂದು ದಶರಥನ ಹಿಂದೆ ನಿಪ್ಪಾಣಿಗೆ ಹೋಗಿ, ಎರಡು ಕಾಸಿಗೆ ಯಂತ್ರ ಕೊಂಡಿದ್ದ. ಮುಂಬೈಯ ದೊಡ್ಡ ಹೋಟೆಲಿನ ಒಡತಿಯೊಬ್ಬಳು ಅದನ್ನು ನೋಡಿ, ಸೀರೆ ಉಟ್ಟ ಪಿನ್‌ಬಾಲ್ ಜಗತ್ತಿನಲ್ಲಿ ಇನ್ನೊಂದಿಲ್ಲವೆಂದು, ಹೊಸ ಯಂತ್ರಕ್ಕಿಂತ ಹೆಚ್ಚು ಕೊಡಲು ಒಪ್ಪಿದ್ದಳು. ಗುರುಜಿ ಮೊತ್ತವನ್ನು ಎರಡು ಸಲ ಓದಿದ. ಈ ಸಲ ಯಾರೂ ನಗಲಿಲ್ಲ. ಅದು ಲಗಮಣ್ಣನಿಗೆ ನಕ್ಕದ್ದಕ್ಕಿಂತ ಕೆಟ್ಟದಾಯಿತು. ಬಶಿ ಒಡೆದು ಮನೆಗೆ ಬಂದ.

ಮನೆಯ ಮುಂದೆ ವಿಶಾಲನ ಕಾರು ನಿಂತಿತ್ತು. ಜೊತೆಗೆ ದಾರಿ ತೋರಿಸಲು ದಶರಥ. ಹೋಟೆಲಿನ ಒಡತಿ ಒಂದು ಕರಾರು ಹಾಕಿದ್ದಳು. ಒಳಗಿನ ಹಳೆಯ ಗಂಟೆ ಸಿಗದೆ ಒಂದು ಪೈಸೆ ಕೊಡುವುದಿಲ್ಲ. ಗಂಟೆ ಕರುವಿನ ಕೊರಳಲ್ಲಿ ಸಪ್ಪಳ ಮಾಡುತ್ತಿತ್ತು.

ಚನ್ನವ್ವ ಹಾಲು ಕರೆಯುತ್ತಿದ್ದಳು, ತಿರುಗಿ ನೋಡಲಿಲ್ಲ. "ಆ ಸಪ್ಪಳ ಕೇಳೇ ಮೈನಾ ಹಾಲ ಇಳಸ್ತೈತಿ. ಕೊಡಾಂಗಿಲ್ಲ."

ವಿಶಾಲ ಕೈ ಮುಗಿದ. ಎಷ್ಟಾದರೂ ಕೇಳಿ ಎಂದ. ಲಗಮಣ್ಣನ ಎದೆಯಲ್ಲಿ ಸತ್ತುಹೋಗಿದ್ದ ದಲಾಲ ಮತ್ತೆ ಕಣ್ಣು ಬಿಟ್ಟ. ಗಂಟೆ ಹೋದರೆ ಹೋಗಲಿ, ಬಂದರೆ ಬರಲಿ, ಆ ಲೆಕ್ಕವಾದರೂ ಇವತ್ತು ಕಣ್ಣೆದುರು ಆಗಿಹೋಗಲಿ. ಮಾಲು ಅವಳದು, ಮಾತು ಅವಳ ಹತ್ತಿರವೇ ಆಗಬೇಕು, ನಮ್ಮ ರೂಢಿ ಹೀಗೆ ಎಂದು ವಿಶಾಲನಿಗೆ ತಿಳಿಸಿ ಹೇಳಿ, ತಾನೇ ಟವೆಲ್ ಬಿಡಿಸಿ ಹಿಡಿದ. ಚನ್ನವ್ವ ಬಕೆಟ್ಟು ಪಕ್ಕಕ್ಕಿಟ್ಟಳು. ಮೂವತ್ತು ವರ್ಷ ದಿನಕ್ಕೆರಡು ಸಲ ಎಮ್ಮೆ ಹಿಂಡಿದ ಬಲಗೈಯನ್ನು ಸೆರಗಿಗೆ ಒರೆಸಿ ಟವೆಲಿನ ಕೆಳಗೆ ಚಾಚಿದಳು. ವಿಶಾಲನೂ ಕೈ ಮುಂದೆ ತಂದ.

ಹಿಂದೆ ನಿಂತಿದ್ದ ದಶರಥ ತನ್ನ ಬಲಗೈಯನ್ನು ಬಗಲಲ್ಲಿ ಮುಚ್ಚಿಟ್ಟುಕೊಂಡ.

"ಸಾಹೇಬ್ರ, ಕೈ ಕೊಡಬ್ಯಾಡ್ರಿ," ಎಂದ. "ವೈನಿ ರೇಟ್ ಹೇಳಾಂಗಿಲ್ರಿ. ಹಿಂಡತಾರ."